ಇನ್ನೂ ಎರಡು ಸಾವಿರ ಅಂಕಗಳ ವಿಷಯವಾಗಿ ಒಬ್ಬ ದರ್ಜಿಯ ಅರಿಕೆ

ಗೆ,
ಮುಖ್ಯಸ್ಥರು,
ಮಾಲೀಕರ ಸಂತೋಷ ವಿಭಾಗ,
ಕಡಲತೀರದ ರಜಾ ವಸತಿ ಸಂಸ್ಥೆ

ಮಾನ್ಯರೇ,

ತಮಗೆ, ತಮ್ಮ ವಿಭಾಗದ ಸಮಸ್ತರಿಗೆ, ತಮ್ಮ ಫೋನಿನಲ್ಲಿ ನಲವತ್ತು ನಿಮಿಷ ಉಸಿರು ಬಿಡದೆ ಕೊಳಲೂದುವ ಆ ಅಜ್ಞಾತ ಕಲಾವಿದರಿಗೆ, ಹಾಗೂ "ತಮ್ಮ ಕರೆ ನಮಗೆ ಅಮೂಲ್ಯ" ಎಂದು ಎರಡು ನಿಮಿಷಕ್ಕೊಮ್ಮೆ ಬೇಸರವಿಲ್ಲದೆ ನೆನಪಿಸುವ ಆ ಮಹಾತಾಯಿಗೆ ನನ್ನ ಅನಂತ ನಮಸ್ಕಾರಗಳು. ನಾನು ಹೊಲಿಗೆಯವನು. ಪ್ಯಾಂಟಿನ ಸೊಂಟ ಸಡಿಲಿಸುವುದು, ಅಂಗಿಯ ತೋಳು ಮೋಟು ಮಾಡುವುದು, ಕೆಟ್ಟುಹೋದ ಜಿಪ್ಪು ಬದಲಿಸುವುದು, ಇವು ನನ್ನ ಮೂವತ್ತು ವರ್ಷದ ಕಸುಬು. ತಮ್ಮ ಕೊಳಲು ಕೇಳುತ್ತಾ ಕುಳಿತಲ್ಲೇ ಈ ತಿಂಗಳು ಹನ್ನೊಂದು ಪ್ಯಾಂಟುಗಳ ಅಂಚು ಮಡಿಸಿ ಮುಗಿಸಿರುವುದರಿಂದ ನನ್ನ ಗಿರಾಕಿಗಳ ಪರವಾಗಿಯೂ ತಮಗೆ ಕೃತಜ್ಞತೆ ಸಲ್ಲಬೇಕು.

ತಾವು ದಯೆಯಿಟ್ಟು ಕಳುಹಿಸಿದ ಪತ್ರ ತಲುಪಿತು. "ಸನ್ಮಾನ್ಯ ಮಾಲೀಕರೇ" ಎಂದು ಶುರುವಾಗುವ ಆ ಪತ್ರವನ್ನು ಅಂಗಡಿಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ, ಏಕೆಂದರೆ ನನ್ನನ್ನು ಮಾಲೀಕ ಎಂದು ಕರೆಯುವವರು ಈ ಭೂಮಿಯ ಮೇಲೆ ತಾವೊಬ್ಬರೇ. ಅಂಗಡಿ ಬಾಡಿಗೆಯದು, ಹೊಲಿಗೆ ಯಂತ್ರ ಮಾವನವರ ಕಾಲದ್ದು, ಕತ್ತರಿಯನ್ನು ನನ್ನ ಹೆಂಡತಿ ತನ್ನದೆಂದು ಹೇಳುತ್ತಾಳೆ, ಅದು ನಿಜವೂ ಹೌದು. ಹಾಗಿರುವಾಗ ನಾನು ಯಾವುದರ ಮಾಲೀಕ ಎಂದು ಗಿರಾಕಿಯೊಬ್ಬರು ಕೇಳಿದಾಗ ಸ್ವಲ್ಪ ತಡವರಿಸಬೇಕಾಯಿತು. ಬಾಗಿಲಲ್ಲ, ಗೋಡೆಯಲ್ಲ, ಕಿಟಕಿಯಲ್ಲ, ಸ್ನಾನದ ಮನೆಯ ಬಕೆಟ್ಟೂ ಅಲ್ಲ. ತಮ್ಮ ಕೋಣೆಗಳಲ್ಲಿ ತಂಗಲು ದುಡ್ಡಿನ ಬದಲು ಎಣಿಸಿ ಕೊಡಬೇಕಾದ ಮೂರು ಸಾವಿರ ಅಂಕಗಳ ಮಾಲೀಕ ನಾನು. ಶಾಲೆಯಲ್ಲಿ ಕಲಿತ ಅಷ್ಟೂ ವರ್ಷಗಳನ್ನು ಕೂಡಿಸಿದರೂ ನನಗೆ ಅಷ್ಟು ಅಂಕ ಬಂದಿರಲಿಲ್ಲವಾದ್ದರಿಂದ ಮೊದಮೊದಲು ಹೆಮ್ಮೆಯೇ ಆಗಿತ್ತು. ಈಗ ಆ ಅಂಕಗಳ ಜೊತೆಗೆ ಇನ್ನೂ ಎರಡು ಸಾವಿರ ಕೊಂಡು ಉದ್ಧಾರವಾಗುವಿರೋ, ಇಲ್ಲವೇ ಮಾಲೀಕತ್ವದಿಂದ ನಿರ್ಗಮಿಸಿ ಹಾಳಾಗುವಿರೋ, ಹದಿನೈದು ದಿನದೊಳಗೆ ತಿಳಿಸಿ ಎಂದು ತಾವು ಕೇಳಿದ್ದೀರಿ. ಮಾತು ಇಷ್ಟು ಒರಟಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಅರ್ಥ ಇಷ್ಟೇ ಇತ್ತು.

ನಾವು ಅಂಕ ಕೊಂಡದ್ದೇಕೆ ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ತಮ್ಮ ಕಡತದಲ್ಲಿ ಅದಕ್ಕೊಂದು ಕಲಂ ಇರಲಾರದು. ನನ್ನ ಹೆಂಡತಿಗೆ ಒಬ್ಬಳು ಅಕ್ಕ ಇದ್ದಾಳೆ. ಬೇರೊಂದು ಊರಿನ ವಸತಿ ಶಾಲೆಯಲ್ಲಿ ನಾನೂರು ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಮಕ್ಕಳು ಮನೆಗೆ ಹೋಗುವ ಹದಿನೈದು ದಿನ ಬಿಟ್ಟರೆ ವರ್ಷವಿಡೀ ಒಲೆಯ ಮುಂದೆಯೇ ಅವಳ ಸಂಸಾರ. ಒಂದೇ ಕಂಬಳಿಯಡಿ ಬೆಳೆದ ಈ ಇಬ್ಬರು ಮದುವೆಯಾದ ಮೇಲೆ ಒಂದು ಸೂರಿನಡಿ ಎರಡು ರಾತ್ರಿಗಿಂತ ಹೆಚ್ಚು ಕಳೆದಿರಲಿಲ್ಲ, ಆ ಎರಡು ರಾತ್ರಿಯೂ ಯಾರದೋ ಆಸ್ಪತ್ರೆಯ ವರಾಂಡದಲ್ಲೇ ಕಳೆದವು. ನನ್ನ ಹೆಂಡತಿ ನನ್ನಲ್ಲಿ ಬೇಡಿದ್ದು ಒಂದೇ ಒಂದು. "ಒಂದು ವಾರ ಸಮುದ್ರದ ಹತ್ರ ಅಕ್ಕನ ಜೊತೆ ಇರ್ಬೇಕು ರೀ, ಅವ್ಳು ಸೌಟು ಮುಟ್ಟಬಾರ್ದು, ಅಷ್ಟೇ." ಇದರಲ್ಲಿ ಅತಿಯಾಸೆ ಎಲ್ಲಿದೆ ಎಂದು ನಾನು ಏಳು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.

ಏಳು ವರ್ಷದ ಹಿಂದೆ ಉಚಿತ ಉಪಾಹಾರದ ಆಮಂತ್ರಣ ನಂಬಿ ನಾವಿಬ್ಬರೂ ತಮ್ಮ ಸಭಾಂಗಣಕ್ಕೆ ಬಂದ ದಿನ ನಮ್ಮ ಪಾಲಿಗೆ ಒದಗಿದ ಅಧಿಕಾರಿಯನ್ನು ನಾನು ಮರೆತಿಲ್ಲ. ಅವರ ಮುಖ ನೆನಪಿಲ್ಲ, ಮಾತು ಅಷ್ಟಕ್ಕಷ್ಟೇ. ಕೋಟು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ತೋಳು ಅಂಗೈಯ ಅರ್ಧಕ್ಕೆ ಇಳಿದಿತ್ತು, ಹೆಗಲು ಒಂದು ಕಡೆ ಜಾರಿತ್ತು, ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಮೋಸಗಾರರ ಬಟ್ಟೆ ನಾನು ಬೇಕಾದಷ್ಟು ಹೊಲಿದಿದ್ದೇನೆ, ಮಾನ್ಯರೇ. ಅವರು ಅಳತೆಗೆ ಮೂರು ಸಲ ಬರುತ್ತಾರೆ, ಕಾಲರಿನ ಬಗ್ಗೆ ತಕರಾರು ತೆಗೆಯುತ್ತಾರೆ, ಕನ್ನಡಿಯ ಮುಂದೆ ಎಡಕ್ಕೆ ಬಲಕ್ಕೆ ತಿರುಗುತ್ತಾರೆ. ಇಷ್ಟು ಕೆಟ್ಟ ಕೋಟು ತೊಟ್ಟವನು ಯಾರಿಗೂ ಟೋಪಿ ಹಾಕಲಾರ ಎಂದು ನನ್ನ ಕಸುಬೇ ನನಗೆ ಕಿವಿಯಲ್ಲಿ ಹೇಳಿತು. ಕರುಣೆ ಉಕ್ಕಿ ಬಂದು, ಕಾಲರಿನ ಹಿಂದೆ ಸದಾ ಸಿಕ್ಕಿಸಿಕೊಂಡಿರುವ ಸೂಜಿ ತೆಗೆದು, ಅಲ್ಲೇ ಮೇಜಿನ ಮೇಲೆ ಬಾಗಿ ಆ ಗುಂಡಿ ಹೊಲಿಯತೊಡಗಿದೆ. ಅವರು ಮಾತಾಡುತ್ತಾ ಹೋದರು. ನನ್ನ ಹಲ್ಲಿನಲ್ಲಿ ದಾರ ಇದ್ದುದರಿಂದ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಹೂಂ, ಹೂಂ ಎಂದೆ, ಆ ಹೂಂಕಾರಗಳೆಲ್ಲ ಸಮ್ಮತಿಗಳಾಗಿ ಹದಿನೆಂಟು ಪುಟಗಳ ಕರಾರಿನಲ್ಲಿ ಕುಳಿತವು. ಹೊಲಿಗೆ ಮುಗಿಯುವ ಹೊತ್ತಿಗೆ ನಾನು ಮಾಲೀಕನಾಗಿದ್ದೆ.

ಆ ಮೇಲೆ ತಿಳಿದ ಸಂಗತಿಗಳಿಂದ ನನ್ನ ಜ್ಞಾನ ಬಹಳ ವೃದ್ಧಿಸಿದೆ. ಜಗತ್ತಿನಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆ ಎಂಬುದೆಲ್ಲ ನಮ್ಮ ಭ್ರಮೆ, ಇರುವುದು ಕೆಂಪು ಕಾಲ, ಬಿಳಿ ಕಾಲ, ನೀಲಿ ಕಾಲ ಎಂದು ತಮ್ಮ ಸಂಸ್ಥೆ ಕಂಡುಹಿಡಿದಿದೆ. ಶಾಲೆಗೆ ರಜೆಯಿದ್ದರೆ ಅದು ಕೆಂಪು ಕಾಲ. ಆಗ ಒಂದು ವಾರಕ್ಕೆ ಐದು ಸಾವಿರ ಅಂಕ ಬೇಕು. ಸಮುದ್ರಕ್ಕೇ ಸಮುದ್ರ ಬೇಸರವಾಗುವ ಕಾಲ ನೀಲಿ ಕಾಲ; ಆಗ ನನ್ನ ಅಂಕಗಳಿಗೆ ಕೋಣೆಗಳು ತಾವಾಗಿ ಬಾಗಿಲು ತೆರೆಯುತ್ತವೆ. ಅಂಥದ್ದೊಂದು ನೀಲಿ ಕಾಲದಲ್ಲಿ ನಾವು ಗಂಡಹೆಂಡತಿ ಬಂದು ಮೂರು ರಾತ್ರಿ ತಂಗಿದ್ದೆವು. ಈಜುಕೊಳ ಖಾಲಿಯಾಗಿತ್ತು, ಅದರ ತಳದಲ್ಲಿ ಒಬ್ಬರು ಕುಕ್ಕರಗಾಲಿನಲ್ಲಿ ಕುಳಿತು ಹಾವಸೆ ಕೆರೆಯುತ್ತಿದ್ದರು. ನಮ್ಮ ಕಿಟಕಿ ಜನರೇಟರಿನ ಕಡೆಗೆ ತೆರೆದುಕೊಳ್ಳುತ್ತಿತ್ತು. ನನ್ನ ಹೆಂಡತಿ ಎರಡು ಹಾಸಿಗೆಗಳಲ್ಲಿ ಒಂದರ ಹೊದಿಕೆಯನ್ನು ಮೂರು ದಿನವೂ ಮುಟ್ಟದೆ ಹಾಗೇ ಬಿಟ್ಟಿದ್ದಳು, ಅದು ಅಕ್ಕನ ಹಾಸಿಗೆಯಂತೆ.

ತಮ್ಮ ಈ ಪದ್ಧತಿಯಿಂದ ಸ್ಫೂರ್ತಿಗೊಂಡು ನಮ್ಮ ಅಂಗಡಿಯಲ್ಲೂ ಅದನ್ನೇ ಜಾರಿಗೆ ತರುವ ಆಲೋಚನೆ ನನಗಿತ್ತು. ಗಿರಾಕಿ ಪ್ಯಾಂಟು ಕೊಳ್ಳತಕ್ಕದ್ದಲ್ಲ, ಪ್ಯಾಂಟಿನ ಅಂಕಗಳನ್ನು ಕೊಳ್ಳತಕ್ಕದ್ದು; ಎಡಗಾಲು ಈ ವರ್ಷ, ಬಲಗಾಲು ಲಭ್ಯತೆಗೆ ಒಳಪಟ್ಟು; ಹೊರಗೆ ಹೋಗಬೇಕಾದ ದಿನವೇ ಎರಡೂ ಕಾಲು ಬೇಕೆಂದರೆ ಅದು ಕೆಂಪು ದಿನ; ಪ್ಯಾಂಟು ತೊಟ್ಟರೂ ಬಿಟ್ಟರೂ ಇಸ್ತ್ರಿಯ ವಾರ್ಷಿಕ ಶುಲ್ಕ ತಪ್ಪುವಂತಿಲ್ಲ; ಮತ್ತು ಗಿರಾಕಿ ತೀರಿಕೊಂಡರೆ ಆ ಶುಲ್ಕ ಮಕ್ಕಳಿಗೆ ಪರಂಪರಾಗತವಾಗಿ ಸಲ್ಲುವುದು. ಇದನ್ನು ನನ್ನ ಹೆಂಡತಿಗೆ ವಿವರಿಸಿದಾಗ "ಜನ ನಿಮ್ಮನ್ನ ಅದೇ ಪ್ಯಾಂಟಲ್ಲಿ ಕಟ್ಟಿ ಹೊಡೀತಾರೆ" ಎಂದಳು. ತಮಗೆ ಯಾರೂ ಹಾಗೆ ಮಾಡಿಲ್ಲವೆಂಬುದು ತಮ್ಮ ಗಿರಾಕಿಗಳ ಸಭ್ಯತೆಗೆ ಸಾಕ್ಷಿ.

ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ನನ್ನ ಮರ್ಯಾದೆಯೂ ಸ್ವಲ್ಪ ಹೋಗುವುದರಿಂದ ಮೆಲ್ಲಗೆ ಬರುತ್ತಿದ್ದೇನೆ. ಅಕ್ಕನ ಮಂಡಿಗಳು ಸವೆದಿವೆ. ಇನ್ನೆರಡು ವರ್ಷ ಕಳೆದರೆ ಮೆಟ್ಟಿಲು ಹತ್ತುವುದೂ ಮರಳಲ್ಲಿ ನಡೆಯುವುದೂ ಮರೆತುಬಿಡಬೇಕು ಎಂದು ವೈದ್ಯರು ಹೇಳಿದ್ದಾರೆ. ಇದು ಗೊತ್ತಾದ ದಿನವೇ ತಮ್ಮ ಪತ್ರ ಬಂದದ್ದು. ಅಂಗಡಿಯ ಬಾಗಿಲು ಅರ್ಧ ಎಳೆದು ನಾವಿಬ್ಬರೂ ಕುಳಿತು ಚರ್ಚಿಸಿದೆವು. ಬಿಟ್ಟುಬಿಡೋಣ ಎಂದು ಅವಳು, ಇಷ್ಟು ದೂರ ಬಂದು ದಡದಲ್ಲಿ ಬಿಡುವುದೇ ಎಂದು ನಾನು. ಹೌದು ಮಾನ್ಯರೇ, ಏಳು ವರ್ಷ ಮೂಗಿಗೆ ತುಪ್ಪ ಸವರಿಸಿಕೊಂಡ ಮೇಲೂ ಇನ್ನಷ್ಟು ಸವರಿ ಎಂದು ಮೂಗು ಒಡ್ಡಿದವನು ನಾನೇ. ಅವಳ ವಾರವನ್ನು ಅವಳಿಗೆ ಕೊಡಿಸಲಾಗದ ಗಂಡ ಎಂಬ ಮಾತನ್ನು ಅವಳು ಒಮ್ಮೆಯೂ ಆಡಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆ.

ನಿರ್ಗಮನದ ಅರ್ಜಿಯನ್ನೂ ನೋಡಿದೆವು. ಅದರಲ್ಲಿ ಕಾರಣಕ್ಕೆ ನಾಲ್ಕು ಚೌಕಗಳಿವೆ: ಮರಣ, ವಿಚ್ಛೇದನ, ದಿವಾಳಿ, ಮತ್ತು ವೈದ್ಯರು ದೃಢೀಕರಿಸಿದ ಶಾಶ್ವತ ಅನಾರೋಗ್ಯ. "ಸಾಕಾಗಿದೆ" ಎಂಬ ಚೌಕ ಇಲ್ಲ. ನಾವು ಪ್ರಾಮಾಣಿಕವಾಗಿ ಪ್ರಯತ್ನಿಸಿದೆವು. ವಿಚ್ಛೇದನವಾದರೆ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವವರು ಇರುವುದಿಲ್ಲ, ದಿವಾಳಿಯ ಮಟ್ಟಕ್ಕೆ ನಮ್ಮನ್ನು ಇಳಿಸುವ ಕೆಲಸ ತಾವು ಕೈಗೊಂಡಿದ್ದರೂ ಇನ್ನೂ ಮುಗಿಸಿಲ್ಲ, ವೈದ್ಯರು ದೃಢೀಕರಿಸಿದ ಮಂಡಿಗಳು ಅಂಕವಿಲ್ಲದ ಅಕ್ಕನವು, ಉಳಿದದ್ದು ಮರಣ. ನಮ್ಮಿಬ್ಬರಲ್ಲಿ ಯಾರು ಮುಂದಾದರೆ ಸಂಸ್ಥೆಗೆ ಅನುಕೂಲ, ಅದು ಕೆಂಪು ಕಾಲದಲ್ಲಿ ಆಗಬೇಕೋ ನೀಲಿ ಕಾಲದಲ್ಲೋ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ. ಅದಾಗದಿದ್ದರೆ ದೇಶದ ಶಾಲೆಗಳ ರಜೆಯನ್ನೆಲ್ಲ ತಮ್ಮ ಈಜುಕೊಳದ ಹಾವಸೆ ಕೆರೆಯುವ ತಿಂಗಳಿಗೆ ಮುಂದೂಡಿಸಿ. ಸೂರ್ಯನ ಚಲನೆಯನ್ನೇ ಮೂರು ಬಣ್ಣಕ್ಕೆ ಇಳಿಸಿದವರಿಗೆ ಅದೇನು ಮಹಾ.

ನಿರ್ಗಮಿಸುವವರೂ ಕೊಳ್ಳುವವರೂ ಖುದ್ದಾಗಿ ಬಂದು ಸಮಾಲೋಚನೆಯಲ್ಲಿ ಭಾಗವಹಿಸಬೇಕೆಂಬ ನಿಯಮದಂತೆ ನಾವು ಬಂದೆವು. ದಿನಾಂಕ ಅಕ್ಕನ ರಜೆಯಲ್ಲೇ ಬಿದ್ದುದರಿಂದ ಅವಳನ್ನೂ ಕರೆತಂದಿದ್ದೆವು. ಅಂಕವಿಲ್ಲದವರಿಗೆ ಪ್ರವೇಶವಿಲ್ಲವೆಂದು ತಮ್ಮ ಕಾವಲುಗಾರರು ಬಹಳ ಮರ್ಯಾದೆಯಿಂದ ಅವಳನ್ನು ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂರಿಸಿದರು. ಒಳಗೆ ಬೇರೊಬ್ಬ ಅಧಿಕಾರಿ ನಮಗಾಗಿ ಕಾಯುತ್ತಿದ್ದರು. ಅಂಗೈಯಲ್ಲಿ ಅರಮನೆ ತೋರಿಸಿದರು, ಅರಮನೆಯಲ್ಲಿ ಅಕ್ಕತಂಗಿಯರನ್ನು ಕೂರಿಸಿದರು. "ಇನ್ನೆರಡು ಸಾವಿರ ತಗೊಳ್ಳಿ ಸಾರ್, ಅಕ್ಕಾವ್ರು ಬಾಲ್ಕನಿಯಲ್ಲೇ ಅಲೆ ಎಣಿಸ್ತಾ ಕೂತ್ಕೋಬಹುದು" ಎಂದಾಗ ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ. ಪೆನ್ನಿನ ಮುಚ್ಚಳ ತೆಗೆದೆ. ಸಹಿ ಹಾಕಲು ಬಾಗಿದಾಗ ಕಣ್ಣಿಗೆ ಬಿದ್ದದ್ದು ಅವರ ಕೋಟು: ಅಂಗೈ ಮುಚ್ಚುವ ತೋಳು, ಜಾರಿದ ಹೆಗಲು, ಒಂದೇ ಎಳೆಯಲ್ಲಿ ಜೋತಾಡುವ ಎರಡನೆಯ ಗುಂಡಿ.

ತಲೆಯೆತ್ತಿ ನೋಡಿದೆ. ಸಭಾಂಗಣದಲ್ಲಿ ಆರು ಮೇಜು, ಆರು ಅಧಿಕಾರಿಗಳು, ಆರು ಕೆಟ್ಟ ಕೋಟು, ಆರು ಜೋತಾಡುವ ಗುಂಡಿ. ಬಳಸಿ ಬಳಸಿ ಸಡಿಲವಾದ ಗುಂಡಿಯ ದಾರ ಜುಂಗು ಜುಂಗಾಗಿರುತ್ತದೆ. ಇವುಗಳ ದಾರ ಬ್ಲೇಡಿನಿಂದ ನೀಟಾಗಿ ಕೊಯ್ದದ್ದು, ಒಂದು ಎಳೆ ಮಾತ್ರ ಲೆಕ್ಕವಿಟ್ಟು ಉಳಿಸಿದ್ದು. ಅಯ್ಯೋ ಪಾಪ ಎನ್ನಿಸಿಕೊಳ್ಳಲೆಂದೇ ಅಳತೆ ಕೊಟ್ಟು ಹೊಲಿಸಿದ ಕೋಟುಗಳು ಅವು. ಕಸುಬಿನವನಾಗಿ ಹೇಳುತ್ತೇನೆ, ಮಾನ್ಯರೇ, ಇಷ್ಟು ನಿಖರವಾಗಿ ಕೆಟ್ಟದಾಗಿ ಹೊಲಿಯುವುದು ಸುಲಭವಲ್ಲ. ಆ ದರ್ಜಿಗೆ ನನ್ನ ನಮಸ್ಕಾರ, ಅದನ್ನು ಹೊಲಿಸಿದ ತಮಗೆ ನನ್ನ ಧಿಕ್ಕಾರ. ನಾನು ಮೋಸಹೋದದ್ದು ನನ್ನ ದುರಾಸೆಯಿಂದಲ್ಲ, ನನ್ನ ಕರುಣೆಯಿಂದ. ತಾವು ಕತ್ತರಿಸಿದ್ದು ಅದನ್ನೇ.

ನಾನು ಪೆನ್ನಿನ ಮುಚ್ಚಳ ಹಾಕುತ್ತಿರುವಾಗಲೇ ನನ್ನ ಹೆಂಡತಿ ಆ ಅಧಿಕಾರಿಯನ್ನು ಮೊದಲ ಸಲ ಮಾತಾಡಿಸಿದಳು. "ಮುಂದಿನ ವರ್ಷ ಅಕ್ಕನ ರಜೆಯಲ್ಲಿ ನಮಗೆ ಕೋಣೆ ಇದೆ ಅಂತ ಒಂದು ಚೀಟಿ ಬರೆದು ಕೊಡ್ತೀರಾ?" ಅವರು ಲಭ್ಯತೆ ಎಂದರು, ಆದ್ಯತೆ ಎಂದರು, ಕಾಯುವ ಪಟ್ಟಿ ಎಂದರು, ಚೀಟಿಯ ಮಾತೊಂದನ್ನು ಮಾತ್ರ ಎತ್ತಲಿಲ್ಲ. "ಏಳಿ ರೀ, ಅಕ್ಕ ಬಿಸಿಲಲ್ಲಿ ಕೂತವ್ಳೆ" ಎಂದು ಅವಳು ಎದ್ದಳು. ನಿರ್ಗಮನದ ಅರ್ಜಿಯ ನಾಲ್ಕು ಚೌಕಗಳ ಪಕ್ಕದಲ್ಲಿ ಐದನೆಯದನ್ನು ನಾನೇ ಗೆರೆ ಎಳೆದು ಮಾಡಿ, ಅದರೆದುರು "ಸಾಕು" ಎಂದು ಬರೆದು, ಅಲ್ಲೇ ಬಿಟ್ಟು ಬಂದಿದ್ದೇನೆ. ಮೂರು ಸಾವಿರ ಅಂಕಗಳನ್ನೂ ತಾವೇ ಇಟ್ಟುಕೊಳ್ಳಿ. ಇನ್ನು ಮುಂದೆ ವಾರ್ಷಿಕ ಶುಲ್ಕ ಕೇಳಿ ಬರುವವರ ಅಳತೆ ತೆಗೆದುಕೊಳ್ಳಲು ನಾನು ಅಂಗಡಿಯಲ್ಲೇ ಇರುತ್ತೇನೆ.

ತಮ್ಮ ಕಾಂಪೌಂಡಿನ ಆಚೆ, ಯಾರಿಗೂ ಸೇರದ ಮರಳಿನ ಮೇಲೆ, ಆ ದಿನ ಅಕ್ಕತಂಗಿಯರು ಬುತ್ತಿ ಬಿಚ್ಚಿ ಉಂಡರು. ವೈದ್ಯರು ಎರಡು ವರ್ಷ ಎಂದಿದ್ದರೂ ನೀರಿನವರೆಗೆ ನಡೆಯಲು ಅಕ್ಕನಿಂದ ಅಂದೇ ಆಗಲಿಲ್ಲ. ನನ್ನ ಹೆಂಡತಿ ಊಟದ ಡಬ್ಬಿ ತೊಳೆದು, ಅದರಲ್ಲಿ ಸಮುದ್ರ ತುಂಬಿಕೊಂಡು ಬಂದು, ಅಕ್ಕನ ಪಾದದ ಮೇಲೆ ಸುರಿದಳು. ಮತ್ತೆ ಹೋದಳು, ಮತ್ತೆ ತಂದಳು. ಎಷ್ಟು ಸಲ ಎಂದು ನಾನು ಲೆಕ್ಕ ಇಡಲಿಲ್ಲ. ಇಬ್ಬರೂ ಸಣ್ಣ ಹುಡುಗಿಯರ ಹಾಗೆ ಕೇಕೆ ಹಾಕಿ ನಗುತ್ತಿದ್ದರು. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಯಾರೋ ಒಬ್ಬರು ಕೂಡ ನಿಂತು ನೋಡಿ ಮುಂದೆ ಹೋದರು. ಬಸ್ ನಿಲ್ದಾಣದ ಹಿಂದಿನ ಲಾಂಡ್ರಿಯವರ ಪಕ್ಕದ ಕೋಣೆ ವಿಚಾರಿಸಿದ ಅರ್ಧ ಗಂಟೆಯಲ್ಲಿ ಸಿಕ್ಕಿತು, ಇಬ್ಬರೂ ಅಲ್ಲೇ ಒಂದು ವಾರ ಉಳಿದರು. ಆ ಕೋಣೆ ಏಳು ವರ್ಷದ ಹಿಂದೆಯೂ ಅಲ್ಲೇ ಇತ್ತಂತೆ. ಆಗ ಅಕ್ಕ ಓಡುತ್ತಿದ್ದಳು. ಉಳಿದದ್ದನ್ನೆಲ್ಲ ಮರೆತರೂ ಇದೊಂದಕ್ಕೆ ಮಾತ್ರ ನಾನು ತಮ್ಮನ್ನು ಕ್ಷಮಿಸುವವನಲ್ಲ.

ಇನ್ನು ಹೆಚ್ಚು ಬರೆದು ತಮ್ಮ ಸಂತೋಷಕ್ಕೆ ಭಂಗ ತರಲಾರೆ.

ತಮ್ಮ ವಿಶ್ವಾಸಿ,
ಈಗ ಯಾವುದರ ಮಾಲೀಕನೂ ಅಲ್ಲದ ಒಬ್ಬ ದರ್ಜಿ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಹೊಸ ಬಣ್ಣದ ಪ್ರಚಾರ ಪುಸ್ತಿಕೆ ಅಂಚೆಯಲ್ಲಿ ಬಂತು. ಅಂದು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ತೀರದಲ್ಲಿ ಅಲೆಯುತ್ತಿದ್ದವರು ತಮ್ಮವರೆಂದು ಈಗ ತಿಳಿಯಿತು. ಮುಖಪುಟದಲ್ಲಿ "ನಮ್ಮ ಮಾಲೀಕರ ಸಂತೋಷ" ಎಂಬ ದಪ್ಪ ಅಕ್ಷರಗಳ ಮೇಲೆ ನನ್ನ ಹೆಂಡತಿಯೂ ಅವಳ ಅಕ್ಕನೂ ನಗುತ್ತಿದ್ದಾರೆ. ಊಟದ ಡಬ್ಬಿಯನ್ನು ಮಾತ್ರ ಅಳಿಸಿ ಕೈಗೊಂದು ಶಂಖ ಕೊಟ್ಟಿದ್ದೀರಿ. ಚಿತ್ರವನ್ನು ಮುಖಪುಟದಿಂದ ಕಿತ್ತುಹಾಕಬೇಡಿ, ಇರಲಿ, ಇಬ್ಬರೂ ಚೆನ್ನಾಗಿ ಬಂದಿದ್ದಾರೆ. ಅದರ ಕೆಳಗೆ, ತಮಗೆ ಅಷ್ಟು ಚೆನ್ನಾಗಿ ಬರುವ ಆ ಸಣ್ಣ ಅಕ್ಷರಗಳಲ್ಲಿ, ಒಂದು ಸಾಲು ಸೇರಿಸಿದರೆ ಸಾಕು: ಇವರಲ್ಲಿ ಒಬ್ಬರು ಅಂದು ಬೆಳಿಗ್ಗೆಯಷ್ಟೇ ನಮ್ಮನ್ನು ಬಿಟ್ಟು ಹೋದವರು, ಇನ್ನೊಬ್ಬರನ್ನು ನಾವು ಗೇಟಿನ ಒಳಗೆ ಬಿಟ್ಟಿರಲಿಲ್ಲ.