ಬಣ್ಣದ ನೀರು ಹರಿದ ದಿಕ್ಕು

ಆಂಜೆಲಾಳ ಉತ್ತರಪತ್ರಿಕೆಯ ಮೇಲೆ ವಿಷ್ಣುಮೂರ್ತಿ ಮಾಷ್ಟ್ರು ಹಾಕಿದ ಒಂದು ಕೆಂಪು ಸೊನ್ನೆಯಿಂದ ಇಡೀ ಮಿಲ್ಲುಪೇಟೆ ಎರಡು ಹೋಳಾಯಿತು.

ಉದ್ಯಾವರದಿಂದ ಸ್ವಲ್ಪ ಒಳಗೆ, ಹೊಳೆಯ ದಂಡೆಯಲ್ಲಿರುವ ಈ ಊರಿಗೆ ಹೆಸರು ಕೊಟ್ಟ ಬಟ್ಟೆ ಮಿಲ್ಲು ಮುಚ್ಚಿ ಹತ್ತು ವರ್ಷವಾಗಿತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಅಲ್ಲಿ ಉಳಿದದ್ದು ಒಂದು ಚಿಮಣಿ, ತುಕ್ಕು ಹಿಡಿದ ಮಗ್ಗಗಳು ಮತ್ತು ಮಾತು. ಮಾತು ಮಾತ್ರ ಈಗಲೂ ಎರಡು ಪಾಳಿಯಲ್ಲಿ ನಡೆಯುತ್ತಿತ್ತು.

ಊರಿನ ಚರಿತ್ರೆ ಮತ್ತು ಭೂಗೋಳದ ಪರೀಕ್ಷೆಯಲ್ಲಿ ಮಾಷ್ಟ್ರು, “ಮಿಲ್ಲಿನ ಬಣ್ಣದ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು?” ಎಂದು ಕೇಳಿದ್ದರು. ಏಳನೆಯ ತರಗತಿಯ ಆಂಜೆಲಾ ‘ಮೂಡಕ್ಕೆ’ ಎಂದು ಬರೆದಳು. ಮಾಷ್ಟ್ರು ಕಾರ್ಕಳದವರು. ಅಲ್ಲಿಯ ತೊರೆಗಳು ಬಂಡೆಗಳ ನಡುವೆ ಒಳ್ಳೆಯ ಮಕ್ಕಳ ಹಾಗೆ ಒಂದೇ ದಿಕ್ಕಿಗೆ ಹರಿಯುತ್ತವೆ. ಸಮುದ್ರ ಪಡುವಣದಲ್ಲಿರುವಾಗ ನೀರು ಮೂಡಕ್ಕೆ ಹೋಗುವುದುಂಟೇ? ಸೊನ್ನೆ!

ಮಾಷ್ಟ್ರಿಗೆ ಊರಿನ ಮೇಲೆ ಕೋಪವೇನಿರಲಿಲ್ಲ. ಮನಸ್ಸು ಮಾತ್ರ ಕಾರ್ಕಳದಲ್ಲಿತ್ತು. ಹೆಂಡತಿ ಸುಭಾಷಿಣಿ ಅಲ್ಲಿ ಟೀಚರು. ಇವರು ಶನಿವಾರ ಬಸ್ಸು ಹತ್ತಿ ಹೋಗಿ ಸೋಮವಾರ ಓಡಿಬರುವ ಗಂಡ. ಕಾರ್ಕಳಕ್ಕೆ ವರ್ಗ ಕೇಳಿ ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದರು. ಉತ್ತರಪತ್ರಿಕೆ ಹಂಚಿದ ಮರುದಿನ ವಿದ್ಯಾಧಿಕಾರಿ ಜನಾರ್ದನ ರಾಯರು ತಪಾಸಣೆಗೆ ಬರುವವರಿದ್ದುದರಿಂದ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಶಾಲೆಗೆ ಬಂದಿದ್ದರು.

ಅವರಿಗಿಂತಲೂ ಮೊದಲು ಬಂದು ಕೂತಿದ್ದವನು ಆಂಜೆಲಾಳ ಅಜ್ಜ ಸ್ಟ್ಯಾನಿಸ್ಲಾಸ್. ಮಿಲ್ಲಿನ ಬಣ್ಣದ ವಿಭಾಗದಲ್ಲಿ ದುಡಿದವನು.

“ಮಾಷ್ಟ್ರೇ, ಇಪ್ಪತ್ತೆರಡು ವರ್ಷ ಆ ನೀರನ್ನು ಹೊಳೆಗೆ ಬಿಟ್ಟವ ನಾನು. ನನ್ನ ಮನೆ ಮಿಲ್ಲಿನ ಮೂಡುಬದಿ. ನಮ್ಮ ಬಿಳಿ ಬಾತುಗಳು ಕೆಂಪಾಗಿ ಮನೆಗೆ ಬರುತ್ತಿದ್ದವು! ಅದಕ್ಕೆ ಸೊನ್ನೆಯಾ?”

“ಸುಳ್ಳು!” ಬಾಗಿಲಲ್ಲಿ ಇನ್ನೊಂದು ಸ್ವರ ಕೇಳಿತು. ಅದು ಪಡುಬದಿಯ ಅಕ್ಕು, ಮಗ್ಗದಲ್ಲಿ ದುಡಿದವಳು. “ಬಣ್ಣ ಬರುತ್ತಿದ್ದದ್ದು ನಮ್ಮ ಕಡೆಗೆ. ನನ್ನ ಮದುವೆಯ ದಿವಸ ದಿಬ್ಬಣದವರು ದೋಣಿಯಿಂದ ಇಳಿದದ್ದೇ ನೀಲಿ ಕಾಲಿನಲ್ಲಿ. ಮಾಷ್ಟ್ರು ಹೇಳಿದ್ದೇ ಸರಿ!”

ಒಂಬತ್ತು ಗಂಟೆಗೆ ಇಬ್ಬರ ಹಿಂದೆಯೂ ಜನ ಸೇರಿದರು. ಹೆಡ್‌ಮಿಸ್ ಝೀಟಾ ಟೀಚರ್ ಮಾಷ್ಟ್ರ ಕಿವಿಯಲ್ಲಿ, “ಸಾಹೇಬ್ರು ಬರುವ ಹೊತ್ತಾಯ್ತು. ಹೇಗಾದ್ರೂ ಮುಗಿಸಿ ಮಾರಾಯ್ರೆ” ಎಂದರು.

“ಆಯ್ತು, ಅರ್ಧ ಅಂಕ ಕೊಡ್ತೇನೆ” ಎಂದರು ಮಾಷ್ಟ್ರು.

ಅಲ್ಲಿಗೆ ಕೆಟ್ಟಿತು. “ನನ್ನ ಬಾತುಗಳಿಗೆ ಅರ್ಧ ಬಣ್ಣವಾ?” ಎಂದು ಸ್ಟ್ಯಾನಿಸ್ಲಾಸ್. “ಸುಳ್ಳಿಗೆ ಅರ್ಧ ಅಂಕವಾ?” ಎಂದು ಅಕ್ಕು. ಅರೆಗಳಿಗೆ ಮೊದಲು ಹೋಳಾಗಿದ್ದ ಮೂಡು, ಪಡು ಎರಡೂ ಒಂದಾಗಿ, ‘ಊರಿನ ಚರಿತ್ರೆ ಗೊತ್ತಿಲ್ಲದ ಈ ಮಾಷ್ಟ್ರನ್ನು ಕೂಡಲೇ ಇಲ್ಲಿಂದ ತೆಗೆಯಬೇಕು’ ಎಂದು ಬರೆದು ಸಹಿ ಹಾಕತೊಡಗಿದವು. ನಲವತ್ತೆರಡನೆಯ ಸಹಿ ಬೀಳುವಾಗ ರಾಯರ ಜೀಪು ಬಂದು ನಿಂತಿತು.

ರಾಯರು ದೂರನ್ನು ಓದಿದರು. ಯಾಕೋ ಅವರ ಮುಖ ಅರಳಿತು. ಮಾಷ್ಟ್ರ ಮುಖವೋ, ಹೆಂಚಿನಲ್ಲಿ ಮರೆತ ದೋಸೆಯಂತಾಯಿತು.

“ಸರ್, ನಾನು ರುಜುವಾತು ಮಾಡ್ತೇನೆ!”

“ಯಾಕೆ ಮಾಷ್ಟ್ರೇ? ಬೇಡ ಬಿಡಿ” ಎಂದರು ರಾಯರು.

ಮಾಷ್ಟ್ರು ಬಿಡಲಿಲ್ಲ. ಮೆರವಣಿಗೆ ಹೊಳೆಬದಿಯಲ್ಲಿದ್ದ ಮಿಲ್ಲಿನ ಹಳೆಯ ದೋಣಿಕಟ್ಟೆಗೆ ಹೋಯಿತು. ಸ್ಟ್ಯಾನಿಸ್ಲಾಸ್ ಮನೆಗೆ ಓಡಿ, ಮಿಲ್ಲು ಮುಚ್ಚಿದ ದಿನ ತಂದಿಟ್ಟುಕೊಂಡ ಕೆಂಪು ಬಣ್ಣದ ಡಬ್ಬಿ ತಂದ. ಮಾಷ್ಟ್ರು ಚಪ್ಪಲಿಯನ್ನು ನೀರಿನಂಚಿನ ಕೆಳಗಿನ ಮೆಟ್ಟಿಲಲ್ಲಿ ಬಿಟ್ಟು, ಕಟ್ಟೆಯ ತುದಿಗೆ ನಿಂತು ಬಣ್ಣ ಸುರಿದರು. ಬಣ್ಣ ಒಂದು ಕ್ಷಣ ಯೋಚಿಸಿ, ನೆಟ್ಟಗೆ ಮೂಡಕ್ಕೆ ಹೊರಟಿತು.

ಮೂಡುಬದಿಯವರ ಬೊಬ್ಬೆಗೆ ಚಿಮಣಿಯ ಪಾರಿವಾಳಗಳೆಲ್ಲ ಹಾರಿದವು. ಮಾಷ್ಟ್ರು ತಲೆ ತಗ್ಗಿಸಿ ಚಪ್ಪಲಿ ಹುಡುಕಿದರೆ ಮೆಟ್ಟಿಲೇ ಇಲ್ಲ, ನೀರಿನಡಿಯಲ್ಲಿದೆ! ಚಪ್ಪಲಿಗಳು ಬಣ್ಣದ ಹಿಂದೆಯೇ ಮೂಡಕ್ಕೆ ತೇಲುತ್ತಿದ್ದವು.

“ಎಂತ ಇದು? ಹೊಳೆ ಏರ್ತಾ ಉಂಟಾ?”

ಮಾಷ್ಟ್ರು ಸುತ್ತ ನೋಡಿದರು. ಸ್ಟ್ಯಾನಿಸ್ಲಾಸ್ ಆಕಾಶ ನೋಡಿದ, ಅಕ್ಕು ಸೆರಗು ಸರಿಮಾಡಿಕೊಂಡಳು. ಕಡಲಿನ ಉಬ್ಬರ ಹೊಳೆಯೊಳಗೆ ಬರುವುದು ಆ ಊರಿನಲ್ಲಿ ಗೊತ್ತಿಲ್ಲದವರು ಮಾಷ್ಟ್ರೊಬ್ಬರೇ. ಆದರೆ ಹಾಗೆಂದು ಒಪ್ಪಿದರೆ ಅರ್ಧ ಬಣ್ಣವನ್ನು ಆಚೆ ಬದಿಗೆ ಬಿಟ್ಟುಕೊಟ್ಟ ಹಾಗೆ! ಅದಕ್ಕೇ ಎಲ್ಲರ ಬಾಯಿಗೂ ಬೀಗ.

“ಯಾರೂ ಕದಲಬೇಡಿ!” ಎಂದು ಮಾಷ್ಟ್ರು ಗುಡುಗಿದರು. ಮೂರು ವರ್ಷದಲ್ಲಿ ಅವರಿಂದ ಅಂಥ ಸ್ವರ ಹೊರಟಿರಲಿಲ್ಲ. ರಾಯರೂ ಕೂತುಬಿಟ್ಟರು. ಎರಡು ಗಂಟೆ ಕಾದರು; ಅಷ್ಟರಲ್ಲಿ ಮಾಷ್ಟ್ರು ಮಿಲ್ಲಿಗೆ ನೂಲು ಬಂದದ್ದು, ಬಟ್ಟೆ ಹೋದದ್ದು ಹೇಗೆಂದು ಒಬ್ಬೊಬ್ಬರನ್ನೇ ಕೇಳಿ ತಿಳಿದರು. ನೀರು ನಿಂತಿತು, ಮೆಟ್ಟಿಲು ಒಂದೊಂದಾಗಿ ಮೇಲೆದ್ದಿತು. ಮಾಷ್ಟ್ರು ಡಬ್ಬಿಯಲ್ಲಿ ಉಳಿದದ್ದನ್ನು ಸುರಿದರು. ಬಣ್ಣ ಪಡುವಣಕ್ಕೆ ಓಡಿತು!

“ನೋಡಿ!” ಮಾಷ್ಟ್ರು ಬರಿಗಾಲಲ್ಲಿ ಕಟ್ಟೆಯ ಮೇಲೆ ನಿಂತು ಹೇಳಿದರು. “ಇದು ಬರೀ ಹೊಳೆ ಅಲ್ಲ, ಊರಿನೊಳಗೆ ಚಾಚಿದ ಕಡಲಿನ ನಾಲಗೆ. ಉಬ್ಬರದಲ್ಲಿ ನೂಲಿನ ದೋಣಿ ಒಳಗೆ ಬಂತು, ಇಳಿತದಲ್ಲಿ ಬಟ್ಟೆಯ ದೋಣಿ ಹೊರಗೆ ಹೋಯ್ತು. ಮಿಲ್ಲು ಕಟ್ಟಿದವರು ಈ ಜಾಗ ಹುಡುಕಿದ್ದೇ ಅದಕ್ಕೆ. ಹೆದ್ದಾರಿಯಲ್ಲಿ ಲಾರಿ ಓಡಿದ ಮೇಲೆ ಹೊಳೆ ಯಾರಿಗೂ ಬೇಡವಾಯ್ತು, ಮಿಲ್ಲೂ ನಿಂತಿತು. ಸ್ಟ್ಯಾನಿಸ್ಲಾಸರ ಬಾತು ಕೆಂಪಾದದ್ದೂ ಸತ್ಯ, ಅಕ್ಕು ಅಕ್ಕನ ದಿಬ್ಬಣದ ಕಾಲು ನೀಲಿಯಾದದ್ದೂ ಸತ್ಯ. ತಪ್ಪಿದ್ದು ನಾನು! ಆಂಜೆಲಾಳಿಗೆ ಪೂರ್ತಿ ಅಂಕ, ಪಡು ಅಂತ ಬರೆದವರಿಗೂ ಪೂರ್ತಿ ಅಂಕ!”

ಅಕ್ಕು ಕಣ್ಣೊರೆಸಿಕೊಂಡಳು. “ನಮ್ಮ ಮಿಲ್ಲಿನ ಕತೆಯನ್ನು ಇಷ್ಟು ಚಂದ ಮಾಡಿ ಯಾರೂ ಹೇಳಿರಲಿಲ್ಲ” ಎಂದಳು. ಸ್ಟ್ಯಾನಿಸ್ಲಾಸ್ ರಾಯರ ಕೈಯಿಂದ ದೂರಿನ ಕಾಗದ ಕಸಿದು, ಚೂರುಚೂರು ಮಾಡಿ ಹೊಳೆಗೆ ಎಸೆದ. ಎರಡು ಬದಿಯವರೂ ಸೇರಿ ಮಾಷ್ಟ್ರನ್ನು ಹೆಗಲ ಮೇಲೆ ಎತ್ತಿದರು.

ರಾಯರು ಹತ್ತಿರ ಬಂದು ನಿಟ್ಟುಸಿರು ಬಿಟ್ಟರು. “ಎಂತ ಮಾಡಿದಿರಿ ಮಾಷ್ಟ್ರೇ! ಕಾರ್ಕಳದಲ್ಲಿ ಒಂದು ಜಾಗ ಖಾಲಿ ಉಂಟು. ವರ್ಷದ ನಡುವೆ ವರ್ಗ ಮಾಡಬೇಕಾದ್ರೆ ಊರವರ ದೂರು ಬೇಕು. ಮೂರು ವರ್ಷದಿಂದ ನಿಮ್ಮ ಮೇಲೆ ಒಂದು ದೂರಾದರೂ ಬರಲಿ ಅಂತ ಕಾಯ್ತಾ ಇದ್ದೆ. ಇವತ್ತು ನಲವತ್ತೆರಡು ಸಹಿಯೊಂದಿಗೆ ಬಂದಿತ್ತು.”

ಹೆಗಲ ಮೇಲೆ ಓಲಾಡುತ್ತಿದ್ದ ಮಾಷ್ಟ್ರು ಪಡುವಣಕ್ಕೆ ತೇಲಿ ಹೋಗುತ್ತಿದ್ದ ದೂರಿನ ಚೂರುಗಳತ್ತ ಕೈ ಚಾಚಿದರು. ಕೆಳಗೆ ಜನ ಜೈಕಾರ ಹಾಕುತ್ತಿದ್ದರು.

ರಾಯರು ಜೀಪು ಹತ್ತಿದರು. “ನಾನೀಗ ಕಾರ್ಕಳಕ್ಕೇ ಹೋಗುವುದು. ಮನೆಯವರಿಗೆ ಎಂತಾದ್ರೂ ಹೇಳ್ಬೇಕಾ?”

ಮಾಷ್ಟ್ರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. “ನಾನು ಗೆದ್ದೆ ಅಂತ ಹೇಳಿ, ಸರ್.”