ಗ್ಯಾಸು ತೂಗುವ ಮಾಮ

ಬೇರೆ ಮೆಕ್ಯಾನಿಕ್ಕುಗಳು ಮನೆಗೆ ಬಂದರೆ ಒಂದು ಲೋಟ ನೀರು ಕೊಟ್ಟರೆ ಸಾಕು. ನಮ್ಮ ಮಾಮ ಏಸಿ ನೋಡಲು ಬಂದರೆಂದರೆ ಮಧ್ಯಾಹ್ನದ ಅಡುಗೆಗೆ ಇನ್ನೊಂದು ಪಾವು ಅಕ್ಕಿ ಹಾಕಲೇಬೇಕು! ಅವರು ನನ್ನ ಅವ್ವನ ತಮ್ಮ. ಮೊಳಕಾಲ್ಮೂರಿನಲ್ಲಿ ಮಗ್ಗ ಬಿಟ್ಟು ಏಸಿ ರಿಪೇರಿ ಹಿಡಿದವರು. ಮಗ್ಗ ಬಿಟ್ಟರೇನು, ಮಗ್ಗದ ಮನೆಯ ಬುದ್ಧಿ ಬಿಡಬೇಕಲ್ಲ? ಅಲ್ಲಿ ಯಜಮಾನರು ರೇಷ್ಮೆಯನ್ನು ತೂಗಿ ಕೊಡುತ್ತಾರೆ, ನೇಯ್ದ ಸೀರೆಯನ್ನು ತೂಗಿಯೇ ತೆಗೆದುಕೊಳ್ಳುತ್ತಾರೆ. ಮಾಮ ಅದನ್ನೇ ತಂದು ಏಸಿಗೆ ಗಂಟು ಹಾಕಿದರು. ಏಸಿಗೆ ಗ್ಯಾಸು ತುಂಬುವ ಮುಂಚೆ ಸಿಲಿಂಡರನ್ನು ಒಮ್ಮೆ ತೂಗುತ್ತಾರೆ, ತುಂಬಿದ ಮೇಲೆ ಇನ್ನೊಮ್ಮೆ. ತೂಗುವಾಗ ಮನೆಯವರೆಲ್ಲ ಸುತ್ತ ನಿಂತು ನೋಡಬೇಕು. ಒಲೆಯ ಮೇಲೆ ಹಾಲಿಟ್ಟಿದ್ದರೂ ಅಷ್ಟೇ!

ಅದೂ ಗ್ಯಾಸು ಹಾಕಲು ಒಪ್ಪಿದರೆ ತಾನೇ? ಒಮ್ಮೆ ಚಳ್ಳಕೆರೆಯ ನಮ್ಮ ಎದುರುಮನೆ ಮೇಷ್ಟ್ರು, "ಬೇಸಿಗೆ ಬಂತು, ಒಂಚೂರು ಗ್ಯಾಸ್ ಹಾಕ್ಬಿಡ್ರಿ" ಅಂದುಬಿಟ್ಟರು.

ಮಾಮ ಸ್ಪ್ಯಾನರ್ ಕೆಳಗಿಟ್ಟರು. "ಅದೇನ್ ಎಮ್ಮೇನಾ ಮೇಷ್ಟ್ರೇ, ದಿನಾ ಕುಡಿಯಾಕೆ? ಒಳಗಿರೋ ಗ್ಯಾಸು ಒಳಗೇ ತಿರುಗ್ತಿರ್ತೈತೆ. ಕಮ್ಮಿ ಆಗೈತೆ ಅಂದ್ರೆ ಎಲ್ಲೋ ಸೋರ್ತೈತೆ ಅಂತ. ಮೊದ್ಲು ತೂತು ಹುಡುಕ್ಬೇಕು!"

ಪೈಪಿನ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೇನೋ ಎಂದು ಕಣ್ಣು ಮಿಟುಕಿಸದೆ ಕೂತರು. ಏಳಲಿಲ್ಲ. ಕೊನೆಗೆ ಒಳಗಿನ ಜಾಲರಿ ಬಿಚ್ಚಿದರೆ ಶೇಂಗಾ ಮಿಲ್ಲಿನ ಧೂಳು, ರೊಟ್ಟಿಯಷ್ಟು ದಪ್ಪ! ತೊಳೆದು ಹಾಕಿದ ಮೇಲೆ ಏಸಿ ತಣ್ಣಗೆ ಬೀಸಿತು. ಮೇಷ್ಟ್ರು ಮಾತ್ರ ಗ್ಯಾಸು ಹಾಕಲಿಲ್ಲವಲ್ಲ ಎಂದು ಬೇಸಿಗೆಯುದ್ದಕ್ಕೂ ಕೊರಗಿದರು.

ಎಲ್ಲಿಗೆ ಹೋದರೂ ಮಾಮನ ಜೊತೆ ಆ ಚೀಲ, ಆ ಸಿಲಿಂಡರು, ಆ ತೂಕದ ಮಷೀನು. ದೇವಸಮುದ್ರದ ಒಂದು ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಮನುಷ್ಯ ನಾಪತ್ತೆ! ತಾರಸಿಯ ಮೇಲೆ ಏಸಿಯ ಹೊರಗಿನ ಪೆಟ್ಟಿಗೆಗೆ ಕಿವಿಗೊಟ್ಟು ಕೂತಿದ್ದರು. ಅತ್ತೆ ಬೈದರೆ, "ಏಮೇ, ಹುಡುಗೀಗೆ ಆಶೀರ್ವಾದ ಮಾಡಾಕೆ ನೂರು ಜನ ಅವ್ರೆ. ಇದಕ್ಕೆ ಯಾರವ್ರೆ?" ಅಂದರಂತೆ.

ಇಲ್ಲಿಯವರೆಗೆ ನಕ್ಕಿರಲ್ಲ? ನಾನೂ ನಗುತ್ತಿದ್ದೆ. ಇನ್ನು ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ನನ್ನ ಮಗಳಿಗೆ ಒಂದು ಸಂಬಂಧ ಬಂತು. ಗಂಡಿನ ಅಪ್ಪ ಚಳ್ಳಕೆರೆಯಲ್ಲಿ ದೊಡ್ಡ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ಯಾವತ್ತೂ ಏನೂ ಕೇಳದ ಮಾಮ ಅವತ್ತು ಕೇಳಿದರು. "ಲೇ, ಆ ಮಂಟಪದ ಏಸಿ ಕೆಲ್ಸ ಸಿಕ್ರೆ ಬಸ್ಸಲ್ಲಿ ಇದನ್ನೆಲ್ಲ ಹೊತ್ಕೊಂಡು ತಿರುಗೋದು ತಪ್ತೈತೆ. ಮೊಣಕಾಲು ಹಿಡ್ಕೊಂತಾವೆ ಕಣೋ. ಒಂದ್ ಮಾತು ಹೇಳು."

ಹೇಳಿದೆ. "ನಮ್ಮನೆ ಏಸಿನ ಮಾಮ ಬಿಟ್ರೆ ಯಾರೂ ಮುಟ್ಟಲ್ಲ" ಎಂದು ಫೋನಿನಲ್ಲಿ ಎದೆ ತಟ್ಟಿಕೊಂಡು ಹೇಳಿದೆ. ಹೆಣ್ಣು ನೋಡಲು ಅವರು ಬರಬೇಕು, ಎರಡು ದಿನ ಮೊದಲು ಏಸಿ ಮಂಕಾಯಿತು. ಮಾಮನನ್ನು ಕರೆದರೆ ಸೋಪು, ಜಾಲರಿ, ಪಾಠ... ಯಾರಿಗೆ ಬೇಕು? ಯಾರೋ ಒಬ್ಬ ಮೆಕ್ಯಾನಿಕ್ಕನ್ನು ಗುಟ್ಟಾಗಿ ಕರೆಸಿದೆ. ಅವನು ತೂಗಲಿಲ್ಲ, ಅಂದಾಜಿನಲ್ಲೇ ಗ್ಯಾಸು ತುಂಬಿ ಹತ್ತು ನಿಮಿಷದಲ್ಲಿ ಹೊರಟ. ಎಂಥ ಜಾಣ ನಾನು ಅಂದುಕೊಂಡೆ!

ಬೀಗರು ಬಂದು ಕೂತರು. ಏಸಿ ಗುರ್ ಎಂದು ನಿಂತಿತು. ಹಾಕಿದರೆ ಮತ್ತೆ ನಿಂತಿತು. ಮನೆಗೆ ಹಿರಿಯರಾಗಿ ಬಂದಿದ್ದ ಮಾಮ ರೇಷ್ಮೆ ಪಂಚೆ ಎತ್ತಿಕಟ್ಟಿ ಚೀಲ ಬಿಚ್ಚಿದರು. ಒಳಗಿದ್ದ ಗ್ಯಾಸನ್ನೆಲ್ಲ ಖಾಲಿ ಸಿಲಿಂಡರಿಗೆ ಎಳೆದುಕೊಂಡು ತೂಗಿದರು. ಪದ್ಧತಿಯಂತೆ ಎಲ್ಲರೂ ಸುತ್ತ ನಿಂತಿದ್ದೆವು. ಇರಬೇಕಾದ ಗ್ಯಾಸಿನ ತೂಕ ಏಸಿಯ ಹೊರಗಿನ ಪೆಟ್ಟಿಗೆಯ ಮೇಲೇ ಬರೆದಿತ್ತು, ಬೀಗರೇ ಬಗ್ಗಿ ಓದಿದರು. ಒಳಗಿದ್ದದ್ದು ಅದಕ್ಕಿಂತ ಬಹಳ ಜಾಸ್ತಿ, ಅದಕ್ಕೇ ಏಸಿ ಉಸಿರುಗಟ್ಟಿ ನಿಲ್ಲುತ್ತಿತ್ತು.

"ಯಾರ್ರೀ ಹಿಂಗೆ ತುಂಬಿದ್ದು?" ಅಂದರು ಬೀಗರು. "ನಿಮ್ಮನ್ ಬಿಟ್ರೆ ಯಾರೂ ಮುಟ್ಟಲ್ಲ ಅಂದಿದ್ರಲ್ಲ ಇವ್ರು?"

ಮಾಮ ನನ್ನ ಕಡೆ ನೋಡಿದರು. ಒಂದೇ ಒಂದು ಮಾತು ಸಾಕಿತ್ತು. ನಾನು ತುಳಸಿ ಕಟ್ಟೆಯನ್ನು ನೋಡುತ್ತ ನಿಂತೆ.

"ನಾನೇ ಸ್ವಾಮಿ" ಅಂದರು ಮಾಮ. "ಹೋದ್ಸಲ ತೂಗದೇ ಹಾಕ್ಬಿಟ್ಟೆ. ವಯಸ್ಸಾಯ್ತು ನೋಡ್ರಿ, ಮರೆವು."

ತೂಗದೇ! ಈ ಮನುಷ್ಯ! ಆಮೇಲೆ ಜಾಲರಿ ತೊಳೆದು, ಬೇಕಾದಷ್ಟೇ ಗ್ಯಾಸು ತೂಗಿ ಹಾಕಿದರು. ಮೊದಲು ಏಸಿ ಮಂಕಾಗಲು ಕಾರಣ ಆ ಜಾಲರಿಯ ಧೂಳೊಂದೇ. ಕೋಣೆ ತಂಪಾಯಿತು, ಸಂಬಂಧವೂ ಕುದುರಿತು. ಮಂಟಪದ ಕೆಲಸ ಬೇರೆಯವರ ಪಾಲಾಯಿತು.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಸಿಲಿಂಡರನ್ನು ನಾನೇ ಹೊತ್ತೆ. "ಮಾಮ, ತಪ್ಪಾಯ್ತು. ಯಾಕ್ ಹಂಗಂದ್ರಿ?"

"ಮಗಳು ಬಾಗ್ಲಲ್ಲಿ ನಿಂತು ನಿನ್ ಮುಖಾನೇ ನೋಡ್ತಿದ್ಲು ಕಣೋ" ಅಂದರು. "ಅವಳ ಮುಂದೆ ನಿನ್ನ ಸುಳ್ಳುಗಾರ ಮಾಡಾಕೆ ಮನಸ್ ಬರ್ಲಿಲ್ಲ. ಬಿಡು, ಹೋಗ್ಬರ್ತೀನಿ." ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಸಿಲಿಂಡರನ್ನು ನಾನು ಕೆಳಗಿನಿಂದ ಎತ್ತಿ ಕೊಟ್ಟೆ.

ಬೀಗರಿಗೆ ನಿಜ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಮೊನ್ನೆ ಮಗಳು ತವರಿಗೆ ಬಂದಿದ್ದಳು. ಏಸಿ ಹಾಕಿಕೊಂಡು ಪಕ್ಕದಲ್ಲಿ ಕೂತು, "ಅಪ್ಪಾ, ಪಾಪ ಏಸಿ ತಾತಂಗೆ ಈಗ ಏನೂ ನೆನಪಿರಲ್ಲ ಅಲ್ವಾ?" ಅಂದಳು.

ಹೂಂ ಅಂದೆ.