ತಿರುಮಲೇಗೌಡರ ಸೆಪ್ಟಿಕ್ ಸಿಗ್ನಲ್

"ಇವತ್ತಿಂದ ಈ ಮನೆ ಗುಂಡಿ ಹೇಳ್ದೆ ಕೇಳ್ದೆ ತುಂಬಂಗಿಲ್ಲ," ಎಂದು ಸಾರಿ, ತಿರುಮಲೇಗೌಡರು ಹಿತ್ತಲಲ್ಲಿ ನೆಟ್ಟಿದ್ದ ಕಂಬಕ್ಕೆ ಸುತ್ತಿದ್ದ ಗೋಣಿತಾಟನ್ನು ಜಗ್ಗಿದರು.

ತಾಟು ಅವರ ತಲೆಯ ಮೇಲೇ ಬಿತ್ತು. ಅದರೊಳಗಿಂದಲೇ ಅವರು ಭಾಷಣ ಮುಂದುವರಿಸಿದ್ದರಿಂದ ಅರ್ಧ ಭಾಷಣ ನಮಗ್ಯಾರಿಗೂ ಕೇಳಲಿಲ್ಲ. ಆದರೆ ಕಂಬ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಅದು ಅಸಲಿ ರೈಲ್ವೆ ಕೈಮರ! ಕೆಂಪು ಬಳಿದ ಉದ್ದನೆಯ ಕೈ, ಅದರ ಮೇಲೊಂದು ಬಿಳಿ ಪಟ್ಟೆ. ಗೌಡರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಇಲಾಖೆ ಗುಜರಿಗೆ ಹಾಕಿದ್ದನ್ನು ಹರಾಜಿನಲ್ಲಿ ಕೂಗಿ, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು.

ನಾನಾಗ ಮದುವೆಯಾಗಿ ಚಿಕ್ಕಬಾಣೂರಿಗೆ ಹೊಸದಾಗಿ ಬಂದಿದ್ದೆ. ನಮ್ಮ ಮನೆಗೂ ಗೌಡರ ಮನೆಗೂ ನಡುವೆ ಒಂದು ಮೋಟು ಗೋಡೆ, ಎರಡೂ ಮನೆಯ ಹಿತ್ತಲ ಬೇಲಿಯಾಚೆ ರೈಲು ಹಳಿ. ಒಳಚರಂಡಿ ಎನ್ನುವುದು ಇನ್ನೂ ಚುನಾವಣೆಯ ಭಾಷಣಗಳಲ್ಲಷ್ಟೇ ಇದ್ದ ಕಾಲ. ಪ್ರತಿ ಮನೆಗೂ ಅದರದೇ ಸೆಪ್ಟಿಕ್ ಟ್ಯಾಂಕು. ಜನ ಅದನ್ನು ಗುಂಡಿ ಎನ್ನುತ್ತಿದ್ದರು, ಅದು ತುಂಬುವವರೆಗೂ ಮರೆತುಬಿಡುತ್ತಿದ್ದರು.

ಗೌಡರು ಗೋಣಿಯಿಂದ ಹೊರಗೆ ಬಂದು ವಿವರಿಸಿದರು. ಟ್ಯಾಂಕಿನೊಳಗೆ ತಾಮ್ರದ ತಂತಿಯ ಒಂದು ಮೂಗು. ಎಷ್ಟು ತುಂಬಿದೆ ಎನ್ನುವುದನ್ನು ಅದು ಮೂಸಿ ತಿಳಿಯುತ್ತದೆ. ಅಂಥದೇ ಇನ್ನೊಂದು ಮೂಗು ಅಡುಗೆಮನೆಯಲ್ಲಿ, ಒಲೆಯ ಮೇಲುಗಡೆ. ಮುಂದೆ ಎಷ್ಟು ತುಂಬಲಿದೆ ಎನ್ನುವುದನ್ನು ಅದು ಮೂಸುತ್ತದೆ! ಎರಡರ ವರದಿಯೂ ಪಡಸಾಲೆಯ ಲೆಕ್ಕದ ಪೆಟ್ಟಿಗೆಗೆ ಹೋಗುತ್ತದೆ. ಸತ್ತ ರೇಡಿಯೋಗಳ ವಾಲ್ವು, ಹೊಲಿಗೆ ಯಂತ್ರದ ಚಕ್ರ ಎಲ್ಲ ಸೇರಿಸಿ ಮಾಡಿದ ಆ ಪೆಟ್ಟಿಗೆ ಕೂಡಿ ಕಳೆದು ಕೈಮರಕ್ಕೆ ಅಪ್ಪಣೆ ಕೊಡುತ್ತದೆ. ಕೈ ಇಳಿದಿದ್ದರೆ ಜಾಗವಿದೆ ಎಂದರ್ಥ. ಅಡ್ಡ ನಿಂತರೆ ಟ್ಯಾಂಕರ್ ಕರೆಸಬೇಕು. ಖಾಲಿ ಮಾಡಿಸುವ ತನಕ ಅದು ಇಳಿಯುವುದಿಲ್ಲ.

"ಇಷ್ಟಕ್ಕೆ ಇಷ್ಟೆಲ್ಲ ಯಾಕೆ? ಮೂರು ವರ್ಷಕ್ಕೊಂದು ಸಲ ತೆಗೆಸಿದರಾಯಿತು," ಎಂದರು ನಮ್ಮ ಯಜಮಾನರು. ಅವರು ಹೈಸ್ಕೂಲು ಮೇಷ್ಟ್ರು, ಎಲ್ಲೋ ಓದಿದ್ದರು.

ಗೌಡರು ಕನಿಕರದಿಂದ ಅವರನ್ನು ನೋಡಿದರು. "ಮೇಷ್ಟ್ರೇ, ನಿಮ್ಮನೇಲಿ ಮೂರು ಜನ, ನಮ್ಮನೇಲಿ ಇಬ್ರು, ಮೂಲೆಮನೆ ಶೆಟ್ರ ತಾವ ಹತ್ತಾರು ಜನ. ಎಲ್ಲಾರ್ಗೂ ಒಂದೇ ಕ್ಯಾಲೆಂಡ್ರಾ? ತಾರೀಖು ನೋಡ್ಕಂಡು ನಿಮ್ಗೆ ಹಸಿವಾಯ್ತದಾ?"

ಅಲ್ಲಿಂದ ಚರ್ಚೆ ಶುರುವಾಯಿತು. ನಮ್ಮತ್ತೆ ತಮ್ಮ ತವರಿನ ಗುಂಡಿಯನ್ನು ಕಟ್ಟಿದಾಗಿನಿಂದ ಮುಟ್ಟೇ ಇಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡರು. ಶೆಟ್ಟರು ಮನೆಯಲ್ಲಿ ಮದುವೆ ಗೊತ್ತಾದಾಗ ಮಾತ್ರ ತೆಗೆಸುವುದಂತೆ. ಹೆಣ್ಣುಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಯಜಮಾನರು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಗೌಡರ ಹೆಂಡತಿ ಚೆನ್ನಾಜಮ್ಮ ಮಾತ್ರ ಎಲ್ಲರಿಗೂ ಕಾಫಿ ಕೊಟ್ಟು, ಖಾಲಿ ಲೋಟಗಳನ್ನು ಎತ್ತಿಕೊಂಡು, ಕಂಬದ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ಯಾಕೆಂದು ನನಗೆ ತಿಳಿದದ್ದು ಆಮೇಲೆ. ಚೆನ್ನಾಜಮ್ಮನಿಗೆ ತವರು ಎಂದು ಉಳಿದಿದ್ದವನು ಒಬ್ಬನೇ ತಮ್ಮ, ಚನ್ನಪಟ್ಟಣದ ಸೋಮಶೇಖರ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವರೇ. ನಾನು ಆ ಊರಿಗೆ ಬರುವುದಕ್ಕೂ ಕೆಲವು ವರ್ಷ ಮುಂಚೆ, ತನಗೆ ಮದುವೆಯಾದ ವರ್ಷ, ಅವನು ಹೊಸ ಹೆಂಡತಿಯನ್ನು ಕರೆದುಕೊಂಡು ಗೌರಿಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ಬಂದಿದ್ದ. ಗುಂಡಿ ಕಾದಿದ್ದು ಅದೇ ದಿನಕ್ಕೆ! ಬಚ್ಚಲಲ್ಲಿ ಹಿಂದಕ್ಕೆ ಉಕ್ಕಿ, ಆ ಹುಡುಗಿಯ ರೇಷ್ಮೆ ಸೀರೆಯ ಅಂಚಿನವರೆಗೂ ಬಂತು. ಇಷ್ಟಾದರೂ ಹೋಗಲಿ ಎನ್ನಬಹುದಿತ್ತು. ಗೌಡರು ಕ್ಷಮೆ ಕೇಳುವುದು ಬಿಟ್ಟು, ಒಂದು ಗಳ ತಂದು ಆಳ ನೋಡುತ್ತ, ನಿನ್ನೆಯಿಂದ ನೀನು ಎಷ್ಟು ಸಲ ಹೋಗಿದ್ದೆಯಮ್ಮ ಎಂದು ಆ ಹೊಸ ಹುಡುಗಿಯನ್ನೇ ವಿಚಾರಿಸಿದ್ದರು. ಸೋಮಶೇಖರ ಎಲೆಯ ಮುಂದೆ ಕೂರದೆ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟುಹೋದ.

ಮತ್ತೆ ಬರಲಿಲ್ಲ. ಬಾಗಿನ ಮಾತ್ರ ಪ್ರತಿ ವರ್ಷ ಬಸ್ಸಿನಲ್ಲಿ ಬರುತ್ತಿತ್ತು, ಕಂಡಕ್ಟರ್ ಕೈಯಲ್ಲಿ. ಹಬ್ಬದ ಬೆಳಿಗ್ಗೆ ಸೋಮಶೇಖರ ಹೆಂಡತಿಯನ್ನು ಅವಳ ತವರು ಮೈಸೂರಿಗೆ ಕರೆದೊಯ್ಯುತ್ತಿದ್ದ. ಅವರ ರೈಲು ನಮ್ಮ ಪುಟ್ಟ ಸ್ಟೇಷನ್ನಿನಲ್ಲಿ ನಿಲ್ಲದೆ, ನಮ್ಮ ಹಿತ್ತಲ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಚೆನ್ನಾಜಮ್ಮ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು.

"ಯಾವಾಗ್ಲೂ ಈ ಕಡೆ ಕಿಟಕಿ ತಾವ್ಲೇ ಕೂತಿರ್ತನೆ ಕಣ್ ಸುಗುಣವ್ವ," ಎಂದು ಒಮ್ಮೆ ನನಗೆ ಹೇಳಿದರು. "ಮೊಕ ಮಾತ್ರ ಆ ಕಡೀಕ್ ತಿರುಗ್ಸಿರ್ತನೆ."

ಗೌಡರ ಯಂತ್ರದ ಮೂಲ ಇದು. ಬಾಯಿಬಿಟ್ಟು ತಪ್ಪಾಯಿತು ಎನ್ನುವ ಜಾಯಮಾನ ಅವರದಲ್ಲ. ಒಂದು ಮಾತಿಗೆ ಬದಲು ಒಂದು ಯಂತ್ರ ಕಟ್ಟುವುದು ಅವರಿಗೆ ಸಲೀಸು.

ಯಂತ್ರ ಮೊದಲು ಸರಿಯಾಗೇ ಇತ್ತು. ಆಮೇಲೆ ಅದಕ್ಕೆ ಬುದ್ಧಿ ಹೆಚ್ಚಾಯಿತು. ಅಡುಗೆಮನೆಯ ಮೂಗು ವಾಸನೆಯ ಮೇಲೆ ಜನರನ್ನು ಎಣಿಸಲು ಕಲಿತುಬಿಟ್ಟಿತು. ಒಗ್ಗರಣೆಗೆ ಒಂದು ಚಮಚ ಎಣ್ಣೆ ಹೆಚ್ಚಾದರೆ ನೆಂಟರು ಬಂದರೆಂದು ತಿಳಿದು ಗಂಟೆ ಬಾರಿಸುತ್ತಿತ್ತು. ಗೌಡರು ಮುದ್ದೆ ಇನ್ನೊಂದು ಹಾಕಿಸಿಕೊಂಡರೂ ಬಾರಿಸುತ್ತಿತ್ತು. "ನಿಮ್ ಸಿಗ್ನಲ್ಲಿಗೆ ಹೆದ್ರಿ ನಾನು ಬೇಳೆ ಕಮ್ಮಿ ಹಾಕಕಿಲ್ಲ," ಎಂದು ಚೆನ್ನಾಜಮ್ಮ ಬೇಕೆಂದೇ ತುಪ್ಪ ಕಾಯಿಸುತ್ತಿದ್ದರು. ಪೆಟ್ಟಿಗೆಗೂ ಅವರಿಗೂ ದಿನಾ ಜಗಳ.

ಇದು ಸಾಲದೆಂದು ಗೌಡರು ಟೋಕನ್ ಪದ್ಧತಿ ತಂದರು. ಒಂಟಿ ಹಳಿಯಲ್ಲಿ ಸ್ಟೇಷನ್ನಿನವರು ಟೋಕನ್ ಕೊಡದೆ ರೈಲು ಹೊರಡುವಂತಿಲ್ಲವಲ್ಲ, ಹಾಗೆಯೇ ಪಾಯಿಖಾನೆಯ ಬಾಗಿಲಿಗೂ ಒಂದು ಹಿತ್ತಾಳೆ ಬಿಲ್ಲೆ. ಪಡಸಾಲೆಯ ಪೆಟ್ಟಿಗೆಯಿಂದ ಬಿಲ್ಲೆ ತೆಗೆದುಕೊಂಡು ಹೋಗಿ, ಬಾಗಿಲಿನ ಕಿಂಡಿಯಲ್ಲಿ ತಿರುಗಿಸಿದರೆ ಅದು ತೆರೆಯುತ್ತದೆ. ವಾಪಸು ಬಂದು ಪೆಟ್ಟಿಗೆಗೆ ಹಾಕಬೇಕು. ಕೈಮರ ಅಡ್ಡ ನಿಂತಿದ್ದರೆ ಬಿಲ್ಲೆಯೇ ಹೊರಗೆ ಬರುವುದಿಲ್ಲ. ನಮ್ಮತ್ತೆ ಒಂದು ದಿನ ಹರಟೆಗೆ ಹೋದವರು ಬಿಲ್ಲೆಯನ್ನು ಮರೆತು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಡ್ಯದ ಬಸ್ಸು ಹತ್ತಿಬಿಟ್ಟರು! ಹಳಿಯ ಮೇಲೆ ಗಾಡಿ ಇದೆ, ಅಂದರೆ ಒಳಗೆ ಯಾರೋ ಇದ್ದಾರೆ ಎಂದೇ ಪೆಟ್ಟಿಗೆ ಸಂಜೆಯವರೆಗೂ ವಾದಿಸಿತು. ಗೌಡರೂ ಚೆನ್ನಾಜಮ್ಮನೂ ಸರದಿಯ ಮೇಲೆ ನಮ್ಮ ಮನೆಗೆ ಬಂದುಹೋದರು. ಆಮೇಲೆ ಗೌಡರು ಇನ್ನೊಂದು ಬಿಲ್ಲೆ ಮಾಡಿ ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಅದನ್ನು ಬಳಸುವ ಹಾಗಿಲ್ಲ ಎಂದು ತಮಗೆ ತಾವೇ ನಿಯಮ ಮಾಡಿಕೊಂಡರು.

ಹಬ್ಬ ಹತ್ತಿರ ಬಂತು. ಅಡುಗೆ ಮಾಡುವಾಗಲೆಲ್ಲ ಎದುರಿಗೆ ಆ ಕೆಂಪು ಕೈ ಕಾಣುತ್ತದೆ, ಅದನ್ನು ಆಚೆ ತಿರುಗಿಸದಿದ್ದರೆ ಒಲೆಯನ್ನೇ ಹಚ್ಚುವುದಿಲ್ಲ ಎಂದು ಚೆನ್ನಾಜಮ್ಮ ಹಟ ಹಿಡಿದರು. ಗೌಡರು ಗೊಣಗುತ್ತ ಕಂಬವನ್ನು ಬೇಲಿಯ ಕಡೆಗೆ ತಿರುಗಿಸಿದರು. ಬೇಲಿಯ ಆಚೆ ಏನಿದೆ ಎನ್ನುವುದು ಜೀವಮಾನವೆಲ್ಲ ರೈಲ್ವೆಯಲ್ಲಿ ದುಡಿದ ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಗೌರಿಹಬ್ಬದ ಬೆಳಿಗ್ಗೆ ನಾನು ಅರಿಶಿನ ಕುಂಕುಮಕ್ಕೆಂದು ಹೋದಾಗ ಚೆನ್ನಾಜಮ್ಮ ಒಬ್ಬಟ್ಟು ಬೇಯಿಸುತ್ತಿದ್ದರು. ಇಬ್ಬರಿಗೆ ಇಷ್ಟೊಂದೇ ಎಂದೆ. ಅವರು ತಲೆ ಎತ್ತಲಿಲ್ಲ. "ಅವ್ನಿಗೆ ಅಂತ ಪ್ರತಿ ವರ್ಸ ಮಾಡ್ತೀನಿ ಕಣವ್ವ. ಬರಕಿಲ್ಲ ಅಂತ ಗೊತ್ತು. ಆದ್ರೂ ಕೈ ಕೇಳಾಕಿಲ್ಲ." ನನಗೆ ನನ್ನ ತವರಿನ ನೆನಪಾಯಿತು.

ಆಗ ಪೆಟ್ಟಿಗೆ ಗಂಟೆ ಬಾರಿಸಿತು. ಒಬ್ಬಟ್ಟಿನ ವಾಸನೆ ಹಿಡಿದು, ತುಪ್ಪವನ್ನು ಕೂಡಿಸಿ, ಇಷ್ಟು ಅಡುಗೆಗೆ ಇಂತಿಷ್ಟು ನೆಂಟರು ಬಂದೇ ಬರುತ್ತಾರೆ, ಗುಂಡಿಯಲ್ಲಿ ಅವರಿಗೆ ಜಾಗವಿಲ್ಲ ಎಂದು ಅದು ತೀರ್ಮಾನಿಸಿತ್ತು. ಹಿತ್ತಲಲ್ಲಿ ಕೈಮರ ಖಟ್ ಎಂದು ಅಡ್ಡ ನಿಂತಿತು. ಅವನು ಬರುತ್ತಾನೆ ಎಂದು ಆ ಊರಿನಲ್ಲಿ ನಂಬಿದ್ದು ಅದೊಂದೇ.

ಸ್ವಲ್ಪ ಹೊತ್ತಿಗೆ ಕೀರಲು ಸದ್ದಿನೊಂದಿಗೆ ಮೈಸೂರು ರೈಲು ಬಂದು ನಮ್ಮ ಬೇಲಿಯ ಪಕ್ಕದಲ್ಲಿ ನಿಂತಿತು.

ಗೌಡರು ಓಡಿಬಂದರು. ಕೆಲಸದಲ್ಲಿದ್ದಷ್ಟು ದಿನವೂ ಒಂದು ಗಾಡಿಯನ್ನೂ ತಪ್ಪಾಗಿ ತಡೆಯದ ಮನುಷ್ಯ! ಇದು ರೈಲಿನ ಸಿಗ್ನಲ್ಲಲ್ಲ, ದಯವಿಟ್ಟು ಹೋಗಿ ಎಂದು ಡ್ರೈವರನಿಗೆ ಕೈಮುಗಿದರು. ಅವನೂ ಇವರಂಥವನೇ. ಕೈ ಅಡ್ಡ ಇರುವಾಗ ಗಾಡಿ ಬಿಟ್ಟರೆ ತನ್ನ ನೌಕರಿ ಹೋಗುತ್ತದೆ, ಮೊದಲು ಕೈ ಇಳಿಸಿ ಎಂದ. ಹಗ್ಗ ಹಾಕಿ ಎಳೆಯಿರಿ ಎಂದು ನಮ್ಮ ಯಜಮಾನರು ಸಲಹೆ ಕೊಟ್ಟರು.

"ಎಳೆದ್ರೆ ಇಳಿಯಂಗಿದ್ರೆ ಅದು ಸಿಗ್ನಲ್ಲಾ ಮೇಷ್ಟ್ರೇ? ಬಟ್ಟೆ ಒಣಗಾಕೋ ಗಳ," ಎಂದರು ಗೌಡರು. ಆ ಸಂಕಟದಲ್ಲೂ ಅವರಿಗೆ ಒಂದಿಷ್ಟು ಹೆಮ್ಮೆ ಇತ್ತು. ಕೊನೆಗೆ ಯಜಮಾನರು ಸ್ಕೂಟರ್ ಹತ್ತಿ, ಪುರಸಭೆಯ ಟ್ಯಾಂಕರಿನವನನ್ನು ಹಬ್ಬದ ಎಲೆಯ ಮುಂದಿನಿಂದ ಎಬ್ಬಿಸಿ ತರಲು ಹೊರಟರು.

ಜನ ರೈಲಿನಿಂದ ಇಳಿದು ಬೇಲಿಯುದ್ದಕ್ಕೂ ನಿಂತರು. ಚೆನ್ನಾಜಮ್ಮನ ಕಣ್ಣು ಮಾತ್ರ ಒಂದೇ ಕಿಟಕಿಯ ಮೇಲಿತ್ತು. ಸೋಮಶೇಖರ ಎಂದಿನಂತೆ ಈ ಕಡೆಯೇ ಕೂತಿದ್ದ, ಮುಖವನ್ನು ಆ ಕಡೆ ತಿರುಗಿಸಿಕೊಂಡು. ಓಡುವ ರೈಲಿನಲ್ಲಿ ಆ ಭಂಗಿ ಸುಲಭ. ನಿಂತ ರೈಲಿನಲ್ಲಿ ಕತ್ತು ನೋಯುತ್ತದೆ. ಆದರೂ ಅವನು ಇಳಿಯಲಿಲ್ಲ.

ಅವನನ್ನು ಇಳಿಸಿದ್ದು ಅವನ ಮಗಳು. ಪುಟ್ಟ ಹುಡುಗಿ, ಅರ್ಜೆಂಟು ಎಂದು ಕುಣಿಯುತ್ತಿತ್ತು. ರೈಲಿನ ಪಾಯಿಖಾನೆಯ ಮುಂದೆ ಉದ್ದದ ಸಾಲು. ಸೋಮಶೇಖರ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೇಲಿ ದಾಟಿ ಬಂದ, ಹಿಂದೆ ಅವನ ಹೆಂಡತಿ. ಯಾರನ್ನೂ ನೋಡದೆ ನೇರವಾಗಿ ಪಾಯಿಖಾನೆಯ ಬಾಗಿಲಿಗೆ ಹೋಗಿ ಜಗ್ಗಿದ. ಅದು ಬೀಗ ಹಾಕಿಕೊಂಡಿತ್ತು!

"ಭಾವ, ಇದೇನು? ಈ ಮನೇಲಿ ನಮ್ಗೆ ಯಾವತ್ತೂ ಇಷ್ಟೇ ಏನು?" ಎಂದ. ಅಷ್ಟು ವರ್ಷಗಳಲ್ಲಿ ಅವನಾಡಿದ ಮೊದಲ ಮಾತು.

ಗೌಡರ ಕೈ ಉಡಿದಾರದ ಬಿಲ್ಲೆಯ ಮೇಲೆ ಹೋಯಿತು, ಕಣ್ಣು ಕೈಮರದ ಮೇಲೆ. ಸಿಗ್ನಲ್ ಅಡ್ಡ ಇದೆ. ನಿಯಮ ನಿಯಮವೇ. ಅವರು ಅಲ್ಲೇ ನಿಂತುಬಿಟ್ಟರು.

ಚೆನ್ನಾಜಮ್ಮ ಒಬ್ಬಟ್ಟು ಮಗುಚುವ ಮೊಗಚೇಕಾಯಿ ಹಿಡಿದುಕೊಂಡೇ ಮುಂದೆ ಬಂದರು. "ಮೇಲಧಿಕಾರಿ ಅಪ್ಪಣೆ ಬೇಕಲ್ವಾ? ಈ ಮನೇಲಿ ಮೇಲಧಿಕಾರಿ ನಾನು. ಬಾಗ್ಲು ತೆಗೀರಿ."

ಗೌಡರು ಬಿಲ್ಲೆಯನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಆ ಮಗುವಿಗೆ ಕೊಟ್ಟರು. ಆಮೇಲೆ ಅದರ ತಾಯಿಯ ಕಡೆ ತಿರುಗಿ, "ತಪ್ಪಾಯ್ತು ಕಣವ್ವ. ಅವತ್ತು ನಾನು ಹಂಗೆ ಕೇಳ್ಬಾರ್ದಾಗಿತ್ತು," ಎಂದರು. ಯಂತ್ರವಿಲ್ಲದೆಯೂ ಅವರಿಗೆ ಮಾತು ಬರುತ್ತದೆ ಎಂದು ನಮಗೆ ಗೊತ್ತಾದದ್ದು ಆಗಲೇ. ಸೋಮಶೇಖರನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು. ಅವಳಿಗೆ ಆ ಸಿಟ್ಟು ಯಾವಾಗಲೋ ಇಳಿದಿತ್ತಂತೆ, ಗಂಡ ಬಿಟ್ಟಿರಲಿಲ್ಲ ಅಷ್ಟೆ.

ಟ್ಯಾಂಕರ್ ಬರುವಷ್ಟರಲ್ಲಿ ಹಿತ್ತಲು ಜಾತ್ರೆಯಾಗಿತ್ತು. ಬಾಗಿಲು ತೆರೆದದ್ದನ್ನು ಕಂಡು ಅರ್ಧ ರೈಲು ಸಾಲು ನಿಂತಿತು. ಗುಂಡಿಯೊಳಗಿನ ಮೂಗು ದಿಗಿಲುಬಿದ್ದು ಬಿಡದೆ ಗಂಟೆ ಬಾರಿಸಿತು. ಅಡುಗೆಮನೆಯ ಮೂಗು ಬೀದಿಯವರೆಲ್ಲ ತಂದುಕೊಟ್ಟ ಹಬ್ಬದಡುಗೆಯನ್ನು ಎಣಿಸಲಾರದೆ ಹೊಗೆಯುಗುಳಿ ಸುಟ್ಟುಹೋಯಿತು. ಡ್ರೈವರ್ ಮಾತ್ರ ಎಂಜಿನ್ ಬಿಟ್ಟಿಳಿಯಲಿಲ್ಲ. ಅವನಿಗೆ ಒಬ್ಬಟ್ಟನ್ನು ಮೇಲಕ್ಕೇ ಕೊಟ್ಟೆವು.

ಟ್ಯಾಂಕರ್ ಎಲ್ಲವನ್ನೂ ಹೀರಿಕೊಂಡ ಮೇಲೆ ಕೈಮರ ಗಂಭೀರವಾಗಿ ಇಳಿಯಿತು. ರೈಲು ಕೂಗಿತು, ಜನ ಓಡಿದರು. ಸೋಮಶೇಖರ ಜಗಲಿಯ ಮೇಲೆ ಎಲೆಯ ಮುಂದೆ ಕೂತಿದ್ದ.

"ಗಾಡಿ ಹೊಂಟೋಯ್ತದೆ ಕಣೋ ಸೋಮು," ಎಂದರು ಚೆನ್ನಾಜಮ್ಮ.

"ಹೋಗ್ಲಿ ಬುಡಕ್ಕ. ತುಪ್ಪ ಹಾಕು," ಎಂದ ಅವನು.

ವಾರದೊಳಗೆ ರೈಲ್ವೆಯವರು ಬಂದು ಗೌಡರನ್ನು ಚೆನ್ನಾಗಿ ಬೈದು ಕಂಬ ಕಿತ್ತುಕೊಂಡು ಹೋದರು. ಆದರೆ ಆ ಡ್ರೈವರ್ ನಿವೃತ್ತನಾಗುವವರೆಗೂ ಪ್ರತಿ ಗೌರಿಹಬ್ಬಕ್ಕೆ ಮೈಸೂರು ರೈಲು ನಮ್ಮ ಹಿತ್ತಲ ಹತ್ತಿರ, ಸಿಗ್ನಲ್ ಇಲ್ಲದಿದ್ದರೂ, ಕಿಟಕಿಯಿಂದ ಕೈ ಚಾಚಿ ಒಬ್ಬಟ್ಟು ಇಸಿದುಕೊಳ್ಳುವಷ್ಟು ನಿಧಾನವಾಗುತ್ತಿತ್ತು. ಸೋಮಶೇಖರ ಅದರಲ್ಲಿ ಇರುತ್ತಿರಲಿಲ್ಲ. ಅವನು ಹಿಂದಿನ ದಿನವೇ ಬಂದಿರುತ್ತಿದ್ದ. ಅದಕ್ಕೂ ಹಿಂದಿನ ದಿನ ಟ್ಯಾಂಕರ್ ಬಂದು ಹೋಗಿರುತ್ತಿತ್ತು.

ಈಗ ಗೌಡರೂ ಚೆನ್ನಾಜಮ್ಮನೂ ಇಲ್ಲ. ಊರಿಗೆ ಒಳಚರಂಡಿ ಬಂದಿದೆ, ಹಳಿ ಜೋಡಿಯಾಗಿದೆ, ರೈಲುಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿಬಿಡುತ್ತವೆ. ಹಬ್ಬದ ದಿನ ನಾನು ಈಗಲೂ ಒಂದು ಗಳಿಗೆ ಬೇಲಿಯ ಹತ್ತಿರ ನಿಲ್ಲುತ್ತೇನೆ. ಹೊಸ ಬಡಾವಣೆಗೆ ಚರಂಡಿ ಇನ್ನೂ ತಲುಪಿಲ್ಲ. ಸೆಪ್ಟಿಕ್ ಟ್ಯಾಂಕನ್ನು ಎಷ್ಟು ದಿನಕ್ಕೊಮ್ಮೆ ತೆಗೆಸಬೇಕು ಎಂದು ಅಲ್ಲಿಯವರು ಕೇಳಿಕೊಂಡು ಬರುತ್ತಾರೆ. ಅಕ್ಕನ ಮನೆಗೆ ತಮ್ಮ ಬರುವ ಮುಂಚೆ ಎನ್ನುತ್ತೇನೆ ನಾನು. ನಮ್ಮ ಯಜಮಾನರು ಇಂದಿಗೂ ಮೂರು ವರ್ಷಕ್ಕೊಮ್ಮೆ ಎಂದೇ ಹೇಳುತ್ತಾರೆ. ಅವರಿಗೆ ಅಕ್ಕತಂಗಿಯರಿಲ್ಲ, ಪಾಪ.